ಬಾಂಗ್ಸಾಮೊರೊ ಚುನಾವಣೆ: ಎಣಿಕೆ ಎಲ್ಲಿ ಕೆಡುತ್ತದೆ, ತಕರಾರು ಎಲ್ಲಿ ಹಾಕಬೇಕು?

ಸೋಂದಾ ಮಾಸ್ತರ, ಶಿರಸಿ

ಫಿಲಿಪೀನ್ಸ್‌ನ ದಕ್ಷಿಣಕ್ಕಿರುವ ಮುಸ್ಲಿಂ ಸ್ವಾಯತ್ತ ಪ್ರದೇಶದ ಬಗ್ಗೆ ಪದವಿ ತರಗತಿಗೆ ಟಿಪ್ಪಣಿ ಸಿದ್ಧವಾಗುತ್ತಿದೆ. ಇತಿಹಾಸದ ಮಟ್ಟಿಗೆ ತೊಂದರೆಯಿಲ್ಲ. 1989ರಲ್ಲಿ ಹಳೆಯ ಸ್ವಾಯತ್ತ ಪ್ರದೇಶ ಹುಟ್ಟಿತು, 2019ರ ಜನಮತಗಣನೆಯಾದ ಮೇಲೆ ಅದರ ಜಾಗಕ್ಕೆ ಬಾಂಗ್ಸಾಮೊರೊ ಬಂತು. ಗೊಂದಲ ಇರುವುದು ಚುನಾವಣಾ ತಕರಾರುಗಳಲ್ಲಿ.

2007ರ ಸೆನೆಟ್ (ಇಡೀ ದೇಶವೇ ಒಂದು ಕ್ಷೇತ್ರವಾಗಿ 12 ಜನರನ್ನು ಆರಿಸುವ ಮೇಲ್ಮನೆ) ಚುನಾವಣೆಯಲ್ಲಿ ಅಲ್ಲಿಯ ಮಗಿಂಡನಾವೊ ಪ್ರಾಂತ್ಯ 12ಕ್ಕೆ 12 ಸ್ಥಾನವನ್ನೂ ಆಡಳಿತ ಕೂಟಕ್ಕೆ ಕೊಟ್ಟಿತು. ಕೆಲವು ಪಟ್ಟಣಗಳಲ್ಲಿ ಎದುರಾಳಿಗಳಿಗೆ ಸೊನ್ನೆ. ಆಗ ಬೂತಿನಲ್ಲಿ ಎಣಿಸುತ್ತಿದ್ದವರು ಶಾಲಾ ಶಿಕ್ಷಕರು, ಪಕ್ಷದ ಏಜೆಂಟರೂ ಅಲ್ಲೇ ಕೂತಿರುತ್ತಿದ್ದರು. ಹಾಗಿದ್ದರೆ ಇದು ಹೇಗೆ ಸಾಧ್ಯ? ಮತದಾನವೇ ನಡೆಯದ ಊರಿಗೂ ಎಣಿಕೆ ತಿದ್ದಿದ ಊರಿಗೂ ಒಂದೇ ಕಾನೂನೇ? ಬಾಂಗ್ಸಾಮೊರೊದ ಹೊಸ ಸಂಸತ್ತಿಗೆ ಒಂದು ಕಡೆ 80 ಸ್ಥಾನ ಅಂತಿದೆ, ಇನ್ನೊಂದು ಕಡೆ 73. ಯಾವುದು ಸರಿ?

ಕೋಡ್ಕಣಿ, ಕುಮಟಾ

ಮಾಸ್ತರೇ, ಮೊದಲ ಪ್ರಶ್ನೆ ಹಿಡಿಯುತ್ತೇನೆ. ಬೂತಿನ ಎಣಿಕೆ ಬಹಳ ಕಡೆ ನೆಟ್ಟಗೇ ಇರುತ್ತಿತ್ತು. ಕೆಡುತ್ತಿದ್ದುದು ಬೂತಿನಿಂದ ಮೇಲೆ ಹೋಗುವ ದಾರಿಯಲ್ಲಿ.

2007ರಲ್ಲಿ ಎಲ್ಲವೂ ಕೈಕೆಲಸ. ಮತದಾರ ಸೆನೆಟ್‌ಗೆ 12 ಹೆಸರುಗಳ ತನಕ ತಾನೇ ಬರೆಯಬೇಕು. ಸಂಜೆ ಶಿಕ್ಷಕರು ಒಂದೊಂದೇ ಚೀಟಿ ಬಿಚ್ಚಿ ಹೆಸರು ಕೂಗಿ ಓದುತ್ತಾರೆ, ಹಾಳೆಯ ಮೇಲೆ ಗೀಟು ಬೀಳುತ್ತದೆ. ಐದು ಗೀಟಿಗೆ ಒಂದು ಕಟ್ಟು. ಎಲ್ಲ ಮುಗಿದ ಮೇಲೆ ಮೊತ್ತವನ್ನು 'ಎಲೆಕ್ಷನ್ ರಿಟರ್ನ್' ಎಂಬ ಹಾಳೆಗೆ ಇಳಿಸುತ್ತಾರೆ. ಅದಕ್ಕೆ ಹಲವು ಪ್ರತಿ: ಆಡಳಿತ ಪಕ್ಷದ ಕೂಟಕ್ಕೊಂದು, ಪ್ರಬಲ ವಿರೋಧ ಪಕ್ಷಕ್ಕೊಂದು, ಮಾನ್ಯತೆ ಪಡೆದ ನಾಗರಿಕ ಸಂಘಟನೆಗೊಂದು, ಉಳಿದವು ಅಧಿಕಾರಿಗಳಿಗೆ.

ಅಲ್ಲಿಂದ ಪಟ್ಟಣದ ಮಂಡಳಿ ಬೂತುವಾರು ಪಟ್ಟಿ ಮಾಡಿ, ಕೂಡಿಸಿ, 'ಕ್ಯಾನ್ವಾಸ್ ಪ್ರಮಾಣಪತ್ರ' ಬರೆಯುತ್ತದೆ. ಆ ಪತ್ರಗಳನ್ನು ಪ್ರಾಂತ್ಯದ ಮಂಡಳಿ ಕೂಡಿಸುತ್ತದೆ, ಪ್ರಾಂತ್ಯದ್ದನ್ನು ಮನಿಲಾದಲ್ಲಿ ಚುನಾವಣಾ ಆಯೋಗ, ಅಂದರೆ ಕೊಮೆಲೆಕ್. ಒಟ್ಟು ಮೂರು ಮೆಟ್ಟಿಲು. ಮೆಟ್ಟಿಲು ಹತ್ತಿದಂತೆ ನೋಡುವ ಕಣ್ಣು ಕಡಿಮೆ, ಒಂದೊಂದು ಅಂಕಿಯ ತೂಕ ಹೆಚ್ಚು. ಬೂತಿನಲ್ಲಿ ನೂರು ಮತ ಕದಿಯಲು ನೂರು ಜನರ ಕಣ್ಣು ತಪ್ಪಿಸಬೇಕು. ಪ್ರಾಂತ್ಯದ ಹಾಳೆಯಲ್ಲಿ ಒಂದು ಅಂಕಿ ತಿದ್ದಿದರೆ ಹತ್ತು ಸಾವಿರ.

ಅಲ್ಲಿನ ಜನ ಇದಕ್ಕೆ 'ದಗ್‌ದಗ್-ಬವಾಸ್' ಅನ್ನುತ್ತಾರೆ. ಕೂಡಿಸು, ಕಳೆ ಎಂದರ್ಥ. ಒಬ್ಬನಿಂದ ಕಳೆದದ್ದನ್ನೇ ಇನ್ನೊಬ್ಬನಿಗೆ ಕೂಡಿಸುವುದರಿಂದ ಒಟ್ಟು ಮೊತ್ತ ಬದಲಾಗುವುದಿಲ್ಲ. ಮತ ಹಾಕಿದವರ ಸಂಖ್ಯೆಯೊಂದಿಗೆ ಮಾತ್ರ ತಾಳೆ ನೋಡುವವನಿಗೆ ಕಳ್ಳತನ ಕಾಣುವುದಿಲ್ಲ. ಅದು ಸಿಗುವುದು ಬೂತಿನ ಹಾಳೆ, ಪಟ್ಟಣದ ಬೂತುವಾರು ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಬ್ಬೊಬ್ಬ ಅಭ್ಯರ್ಥಿಯ ಸಾಲನ್ನು ಓದಿದಾಗ. ಏಜೆಂಟನ ಕೈಯಲ್ಲಿ ಬೂತಿನ ಪ್ರತಿ ಇಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ಮಗಿಂಡನಾವೊದಲ್ಲಿ ಆದದ್ದೇ ಅದು. ಪಟ್ಟಣಗಳ ಕ್ಯಾನ್ವಾಸ್ ಪ್ರಮಾಣಪತ್ರಗಳು ಕಳುವಾದವು ಎಂದು ಪ್ರಾಂತ್ಯದ ಚುನಾವಣಾ ಮೇಲ್ವಿಚಾರಕ ಲಿಂತಾಂಗ್ ಬೆಡೋಲ್ ಹೇಳಿದರು. ಕೊನೆಗೆ ಬೇರೆ ಪ್ರತಿಗಳಿಂದ ಎಣಿಕೆ ನಡೆಯಿತು. 12ನೆಯ ಸ್ಥಾನ ಆಡಳಿತ ಕೂಟದ ಸುಬಿರಿಗೆ ಹೋಯಿತು, ವಿರೋಧ ಕೂಟದ ಕೊಕೊ ಪಿಮೆಂಟೆಲ್ 13ನೆಯವರಾದರು. ಸುಬಿರಿ ರಾಜೀನಾಮೆ ಕೊಟ್ಟು, ಪಿಮೆಂಟೆಲ್ ಗೆದ್ದರೆಂದು ಸೆನೆಟ್ ನ್ಯಾಯಮಂಡಳಿ ಘೋಷಿಸಿದ್ದು 2011ರ ಆಗಸ್ಟ್‌ನಲ್ಲಿ. ಆರು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಹೋಗಿಯೇ ಬಿಟ್ಟಿತ್ತು. (ಪಿಮೆಂಟೆಲ್ ಅವರ ತಂದೆ 1995ರಲ್ಲಿ ಇದೇ ಕೂಡಿಸು-ಕಳೆಯ ದೂರು ಹೊತ್ತು ಸೋತವರು.)

ವಿದ್ಯಾರ್ಥಿಗಳಿಗೆ ನಮ್ಮ 17ಸಿ ನಮೂನೆ ತೋರಿಸಿ. ಮತದಾನ ಮುಗಿದಾಗ ಚಲಾಯಿತ ಮತಗಳ ಲೆಕ್ಕದ ದೃಢೀಕೃತ ಪ್ರತಿಯನ್ನು ಪಿಆರ್‌ಒ (ಮತಗಟ್ಟೆ ಅಧ್ಯಕ್ಷಾಧಿಕಾರಿ) ಪ್ರತಿ ಏಜೆಂಟನಿಗೂ ಕೊಟ್ಟು ಸಹಿ ಪಡೆಯಬೇಕು. ಮತಯಂತ್ರ ಮರಳಿಸಲು ಹೋಗುವ ಡಿಮಸ್ಟರಿಂಗ್ ಬಸ್ಸು ಹೊರಡುವ ಗಡಿಬಿಡಿಯಲ್ಲಿ ಅದನ್ನು ಬಿಟ್ಟು ಮನೆಗೆ ಹೋದ ಏಜೆಂಟನಿಗೆ ಎಣಿಕೆ ದಿನ ತೋರಿಸಲು ಏನೂ ಇರುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು: ಬೂತು ಬಿಡುವಾಗ 17ಸಿಯಲ್ಲಿರುವುದು ಒಟ್ಟು ಮತ, ಅಭ್ಯರ್ಥಿವಾರು ಲೆಕ್ಕ ಎಣಿಕೆ ಕೇಂದ್ರದಲ್ಲಿ ತುಂಬುತ್ತದೆ. ಫಿಲಿಪೀನ್ಸ್‌ನ ರಿಟರ್ನ್‌ನಲ್ಲಿ ಅಭ್ಯರ್ಥಿವಾರು ಲೆಕ್ಕ ಬೂತಿನಲ್ಲೇ ಇರುತ್ತದೆ.

ಕಾಳಿ ಸೇತುವೆ, ಕಾರವಾರ

ಎರಡನೆಯ ಪ್ರಶ್ನೆಗೆ: ಒಂದೇ ಕಾನೂನಲ್ಲ. ತಪ್ಪು ಬಾಗಿಲು ತಟ್ಟಿದವರ ಅರ್ಜಿ ವಜಾ ಆಗುವುದೇ ಹೆಚ್ಚು.

ಹಿಂಸೆ, ಬೆದರಿಕೆ, ಮೋಸ ಅಥವಾ ಪ್ರಕೃತಿ ವಿಕೋಪದಿಂದ ಮತದಾನ ನಡೆಯಲೇ ಇಲ್ಲ, ಅಥವಾ ಗೆದ್ದವರು ಯಾರೆಂದೇ ತೀರ್ಮಾನವಾಗಲಿಲ್ಲ ಎಂದಾದರೆ ಅದು 'ಚುನಾವಣೆ ವಿಫಲ'. ಅವರ ಸಮಗ್ರ ಚುನಾವಣಾ ಸಂಹಿತೆಯ 6ನೇ ಕಲಮು. ಪ್ರಮಾಣೀಕೃತ ಅರ್ಜಿ ಕೊಡಬೇಕು, ಎದುರು ಪಕ್ಷಕ್ಕೆ ನೋಟಿಸ್ ಹೋಗಬೇಕು, ವಿಚಾರಣೆಯಾಗಿ ಆಯೋಗದ ಪೂರ್ಣಪೀಠವೇ ಘೋಷಿಸಬೇಕು. ಅಡ್ಡಿ ನಿಂತ 30 ದಿನದೊಳಗೆ ವಿಶೇಷ ಮತದಾನ. 2022ರಲ್ಲಿ ಲಾನಾವೊ ದೆಲ್ ಸುರ್‌ನ 14 ಬಾರಂಗಾಯ್‌ಗಳಲ್ಲಿ (ನಮ್ಮ ಗ್ರಾಮದ ಹಾಗಿನ ಘಟಕ) ಮೇ 9ರ ಮತದಾನ ಕೆಟ್ಟು ಮೇ 24ಕ್ಕೆ ಮತ್ತೆ ನಡೆಯಿತು.

ಎಡವುವುದು ಎಲ್ಲಿ ಎಂದರೆ, ತಪ್ಪಿದ ಮತಗಳು ಫಲಿತಾಂಶ ಬದಲಿಸುವಷ್ಟಿವೆ ಎಂದೂ ತೋರಿಸಬೇಕು. ಅದನ್ನು ಬಿಟ್ಟು "ಹೆದರಿ ಜನ ಬರಲಿಲ್ಲ" ಎಂದಷ್ಟೇ ಬರೆದರೆ ಸಾಲದು. ಲಾನಾವೊ ದೆಲ್ ಸುರ್‌ನದೇ ಒಂದು ಪಟ್ಟಣದಲ್ಲಿ ಕಾಲುಭಾಗಕ್ಕಿಂತ ಕಡಿಮೆ ಮತದಾನವಾಗಿದ್ದಾಗ, ಕಡಿಮೆ ಮತದಾನವೆಂದರೆ ವಿಫಲ ಚುನಾವಣೆ ಅಲ್ಲ ಎಂದು 1994ರ ಮಿತ್‌ಮುಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಎಣಿಕೆ ತಿದ್ದಿದ ದೂರಿಗೆ ದಾರಿ ಬೇರೆ: ಚುನಾವಣಾ ತಕರಾರು ಅರ್ಜಿ. ಪಟ್ಟಣದ ಹುದ್ದೆಗಾದರೆ ಅಲ್ಲಿಯ ಪ್ರಾದೇಶಿಕ ವಿಚಾರಣಾ ನ್ಯಾಯಾಲಯ, ಪ್ರಾಂತ್ಯ ಮತ್ತು ಪ್ರದೇಶದ ಹುದ್ದೆಗಾದರೆ ಕೊಮೆಲೆಕ್. ಗಡುವು ಫಲಿತಾಂಶ ಘೋಷಣೆಯಿಂದ ಬರೇ 10 ದಿನ. ನಮ್ಮಲ್ಲಿ ವಿಧಾನಸಭೆ, ಲೋಕಸಭೆಗೆ 45 ದಿನ ಇದೆ, ಹೈಕೋರ್ಟಿನಲ್ಲಿ. ಹತ್ತು ದಿನದಲ್ಲಿ ಬೂತಿನ ಹೆಸರು ಹಿಡಿದು ಎಲ್ಲಿ ಏನಾಯಿತೆಂದು ಬರೆಯಬೇಕಾದ್ದರಿಂದ, ಕೋಡ್ಕಣಿಯವರು ಹೇಳಿದ ಪ್ರತಿಗಳು ಆ ರಾತ್ರಿಯೇ ಕೈಯಲ್ಲಿರಬೇಕು. ಆಮೇಲೆ ಊರೂರು ತಿರುಗಿ ಸಂಗ್ರಹಿಸಲು ಸಮಯವಿಲ್ಲ.

ಘೋಷಣೆಗೆ ಮೊದಲೇ ಮಂಡಳಿ ಮುಂದೆ ಹಾಕುವ ಆಕ್ಷೇಪಣೆ ಎಂಬುದೊಂದಿತ್ತು. 2010ರಿಂದ ಯಂತ್ರ ಬಂದ ಮೇಲೆ ಅದು ಮಂಡಳಿಯ ರಚನೆ, ನಡವಳಿಗಳ ಮಟ್ಟಿಗೆ ಕುಗ್ಗಿದೆ. ಅದನ್ನು ನೆಚ್ಚಬಾರದು.

ಸೋಂದಾ ಮಾಸ್ತರ, ಶಿರಸಿ

ಇಬ್ಬರಿಗೂ ಧನ್ಯವಾದ. ಸೊನ್ನೆ ಮತದ ಬೂತುಗಳ ಪಟ್ಟಿ ಮಾಡಿದರೆ ಅದೇ ಸಾಕ್ಷಿ ಆಗುವುದಿಲ್ಲವೇ? ಇಡೀ ಪ್ರಾಂತ್ಯದ ಫಲಿತಾಂಶವನ್ನೇ ರದ್ದು ಮಾಡಿ ಎಂದು ಕೇಳಬಹುದಲ್ಲ?

ಕಾಳಿ ಸೇತುವೆ, ಕಾರವಾರ

ಸೊನ್ನೆಯೊಂದೇ ಸಾಲದು. 1966ರ ಲಗುಂಬಾಯ್ ತೀರ್ಪಿನಲ್ಲಿ 50 ಬೂತುಗಳ ರಿಟರ್ನ್‌ಗಳನ್ನು ಕೋರ್ಟು ಕಣ್ಣೋಟದಲ್ಲೇ ಕೃತಕ ಎಂದು ತಳ್ಳಿಹಾಕಿದ್ದು ನಿಜ. ಆದರೆ ಅಲ್ಲಿ ಒಂದು ಪಕ್ಷದ ಎಂಟೂ ಅಭ್ಯರ್ಥಿಗಳಿಗೆ ಎಲ್ಲ ಮತ, ಇನ್ನೊಂದರ ಎಂಟೂ ಜನರಿಗೆ ಸೊನ್ನೆ. ನಂತರದ ತೀರ್ಪುಗಳು ಇದನ್ನು ಬಹಳ ಬಿಗಿಯಾಗಿ ಓದಿವೆ. ಎದುರಾಳಿಗೆ ಹತ್ತು ಮತ ಉಳಿಸಿ ತಿದ್ದಿದರೆ ಲಗುಂಬಾಯ್ ನೆರವಿಗೆ ಬರುವುದಿಲ್ಲ. ಇದು ತಿದ್ದುವವರಿಗೂ ಗೊತ್ತು. ಮೇಲಾಗಿ ಒಂದೇ ಮನೆತನದ ಹಿಡಿತವಿರುವ ಸಣ್ಣ ಬಾರಂಗಾಯ್‌ನಲ್ಲಿ ಎಲ್ಲರೂ ಒಬ್ಬನಿಗೇ ಹಾಕುವುದು ಅಸಾಧ್ಯವೇನಲ್ಲ. ಇಡೀ ಪಟ್ಟಣ ಹಾಗಾದರೆ ಮಾತ್ರ ಅನುಮಾನ ಗಟ್ಟಿ.

ಪ್ರಾಂತ್ಯವನ್ನೇ ರದ್ದು ಮಾಡಿಸುವ ಯತ್ನವೂ ನಡೆದಿದೆ. 2016ರ ಉಪಾಧ್ಯಕ್ಷ ಚುನಾವಣೆಯಲ್ಲಿ 263,473 ಮತಗಳಿಂದ ಸೋತ ಬಾಂಗ್‌ಬಾಂಗ್ ಮಾರ್ಕೋಸ್, ಲಾನಾವೊ ದೆಲ್ ಸುರ್, ಮಗಿಂಡನಾವೊ, ಬಸಿಲಾನ್ ಮೂರೂ ಪ್ರಾಂತ್ಯಗಳ ಫಲಿತಾಂಶ ರದ್ದಾಗಬೇಕೆಂದು ಕೇಳಿದ್ದರು. ಮಾದರಿಗೆಂದು ಅವರೇ ಆರಿಸಿದ ಬೇರೆ ಮೂರು ಪ್ರಾಂತ್ಯಗಳಲ್ಲಿ ಮರುಎಣಿಕೆಯಾದಾಗ ಎದುರಾಳಿ ಲೆನಿ ರೊಬ್ರೆಡೊ ಅವರ ಮುನ್ನಡೆ ಸುಮಾರು 15 ಸಾವಿರ ಹೆಚ್ಚಿತು. 2021ರ ಫೆಬ್ರವರಿಯಲ್ಲಿ ಅರ್ಜಿ ವಜಾ. ರದ್ದತಿಗೆ ಬೇಕಾದ ಅಳತೆ ಕಠಿಣ: ಆ ಬೂತುಗಳ ಅರ್ಧಕ್ಕಿಂತ ಹೆಚ್ಚು ಮತ ಅಕ್ರಮದ್ದಾಗಿರಬೇಕು, ಸಾಚಾ ಮತವನ್ನು ಖೋಟಾದಿಂದ ಬೇರ್ಪಡಿಸಲು ಸಾಧ್ಯವೇ ಇರಬಾರದು. ಆ ಕಠಿಣತೆ ನ್ಯಾಯವೇ. ಪ್ರಾಂತ್ಯವನ್ನೇ ಅಳಿಸಿದರೆ ನೆಟ್ಟಗೆ ಮತ ಹಾಕಿದ ಮುಸ್ಲಿಂ ಮತದಾರರೆಲ್ಲರ ಮತವೂ ಹೋಗುತ್ತದೆ.

ಶರಾವತಿ ಅಳಿವೆ, ಹೊನ್ನಾವರ

80, 73 ಎರಡೂ ಸರಿ. ಮೂಲ ಕಾನೂನಿನಲ್ಲಿ 80: ಪಕ್ಷಪಟ್ಟಿಗೆ (ಪಕ್ಷಗಳು ಪಡೆದ ಮತದ ಪ್ರಮಾಣದಲ್ಲಿ ಹಂಚುವವು) 40, ಕ್ಷೇತ್ರಗಳಿಗೆ 32, ಮೀಸಲು 8. ಮೀಸಲಿನಲ್ಲಿ ಮೊರೊ (ಅಲ್ಲಿಯ ಮುಸ್ಲಿಂ ಜನಾಂಗಗಳು) ಅಲ್ಲದ ಮೂಲನಿವಾಸಿಗಳಿಗೆ 2, ಹೊರಗಿನಿಂದ ಬಂದು ನೆಲೆಸಿದವರಿಗೆ 2, ಮಹಿಳೆ, ಯುವಜನ, ಉಲೇಮಾ (ಮುಸ್ಲಿಂ ಧರ್ಮಪಂಡಿತರು), ಸಾಂಪ್ರದಾಯಿಕ ಮುಖಂಡರಿಗೆ ಒಂದೊಂದು.

ಸುಲು ಪ್ರಾಂತ್ಯದ ಹೆಚ್ಚಿನ ಮತದಾರರು 2019ರ ಜನಮತಗಣನೆಯಲ್ಲಿ ಬೇಡ ಎಂದಿದ್ದರು. ಹಳೆಯ ಸ್ವಾಯತ್ತ ಪ್ರದೇಶವನ್ನೆಲ್ಲ ಒಂದೇ ಘಟಕವಾಗಿ ಎಣಿಸಿದ್ದರಿಂದ ಅದೂ ಒಳಗೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸುಲುವನ್ನು ಹೊರಗಿಟ್ಟಿತು. ಅದರ 7 ಕ್ಷೇತ್ರಗಳು ಹೋಗಿ ಉಳಿದದ್ದು 73. ಆ ಏಳನ್ನು ಬೇರೆ ಪ್ರಾಂತ್ಯಗಳಿಗೆ ಹಂಚಲು ಮಧ್ಯಂತರ ಸಂಸತ್ತು ಮಾಡಿದ ಕಾನೂನನ್ನೂ 2025ರಲ್ಲಿ ಕೋರ್ಟು ರದ್ದು ಮಾಡಿತು. ಅಕ್ಟೋಬರ್ 13ಕ್ಕೆ ನಿಗದಿಯಾಗಿದ್ದ ಮತದಾನ ನಿಂತುಹೋಯಿತು. ಅದಕ್ಕೂ ಮೊದಲು 2022ರ ಮೇ ತಿಂಗಳಿಂದ 2025ರ ಮೇಗೆ, ಅಲ್ಲಿಂದ ಅಕ್ಟೋಬರ್‌ಗೆ ಅಂತ ಎರಡು ಸಲ ಮುಂದೂಡಿದ್ದರು. ಚುನಾವಣೆ ನಡೆಯುವ ತನಕ ಆಡಳಿತ ನೇಮಕಗೊಂಡವರದ್ದು.

ನನ್ನ ಮಟ್ಟಿಗೆ ಇಲ್ಲಿಯ ದೊಡ್ಡ ತಕರಾರು ಇದೇ. ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಜಿಲ್ಲಾ, ತಾಲೂಕು ಪಂಚಾಯಿತಿಗೆ ಕೊನೆಯ ಸಲ ಮತ ಹಾಕಿದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಅಂತ ಎಳೆದಾಟ. ಕ್ಷೇತ್ರದ ಗಡಿ ಗೀಚುವ ಕೆಲಸ ಬಾಕಿ ಇಟ್ಟರೆ ಚುನಾವಣೆ ತಾನಾಗಿ ನಿಲ್ಲುತ್ತದೆ, ಯಾರೂ ಬಂದೂಕು ಹಿಡಿಯಬೇಕಿಲ್ಲ.

ಕೋರ್ಟು ಬೇಗ ಎದ್ದ ಉದಾಹರಣೆ ಬೇಕಿದ್ದರೆ ಮುಸ್ಲಿಂ ಬಹುಸಂಖ್ಯಾತ ಕಾರ್ಗಿಲ್‌ನ ಸ್ವಾಯತ್ತ ಗುಡ್ಡಗಾಡು ಮಂಡಳಿ ನೋಡಿ. ನ್ಯಾಷನಲ್ ಕಾನ್ಫರೆನ್ಸ್‌ಗೆ ನೇಗಿಲ ಗುರುತು ಕೊಡಲಿಲ್ಲವೆಂದು 2023ರ ಸೆಪ್ಟೆಂಬರ್ 6ರಂದು, ಮತದಾನಕ್ಕೆ ನಾಲ್ಕು ದಿನ ಇರುವಾಗ, ನಮ್ಮ ಸುಪ್ರೀಂ ಕೋರ್ಟ್ ಅಧಿಸೂಚನೆಯನ್ನೇ ರದ್ದು ಮಾಡಿ ಲಡಾಖ್ ಆಡಳಿತಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿತು. ಏಳು ದಿನದಲ್ಲಿ ಹೊಸ ಅಧಿಸೂಚನೆ, ಅಕ್ಟೋಬರ್ 4ಕ್ಕೆ 26 ಸ್ಥಾನಗಳಿಗೆ ಮತದಾನ. ಆ ಪಕ್ಷಕ್ಕೆ 12 ಬಂತು.

ಕೋಡ್ಕಣಿ, ಕುಮಟಾ

ಪಕ್ಷಪಟ್ಟಿ ಲೆಕ್ಕದಲ್ಲಿ ಒಂದು ಸೇರಿಸಿಕೊಳ್ಳಿ ಮಾಸ್ತರೇ. 40 ಸ್ಥಾನ ಅಂದರೆ ಒಂದು ಸ್ಥಾನದ ಸರಾಸರಿ ಬೆಲೆ ನೂರಕ್ಕೆ ಎರಡೂವರೆ ಮತ. ಆದರೆ ಒಳಗೆ ಬರಲು ಕನಿಷ್ಠ ಶೇ. 4 ಬೇಕು. 10 ಲಕ್ಷ ಸಿಂಧು ಮತ ಎಂದು ಹಿಡಿದರೆ 40 ಸಾವಿರ. 35 ಸಾವಿರ ಮತ ಪಡೆದ ಸಣ್ಣ ಬುಡಕಟ್ಟಿನ ಪಕ್ಷಕ್ಕೆ ಲೆಕ್ಕದಲ್ಲಿ ಒಂದು ಸ್ಥಾನ ನ್ಯಾಯವಾಗಿ ಬರಬೇಕು, ಸಿಗುವುದು ಸೊನ್ನೆ. ಅಂಥ ಪಕ್ಷದ ಎದುರು ನಾಲ್ಕಾರು ಸಾವಿರ ಮತ ಅತ್ತಿತ್ತ ಮಾಡಿದರೂ ಇಡೀ ಪಕ್ಷವೇ ಸಂಸತ್ತಿನಿಂದ ಹೊರಗೆ ಉಳಿಯುತ್ತದೆ. ದೊಡ್ಡ ಪಕ್ಷಗಳಿಗಿಂತ ಮೊದಲು ಬೂತಿನ ಪ್ರತಿ ಹಿಡಿದಿಟ್ಟುಕೊಳ್ಳಬೇಕಾದವರು ಇವರು.