ಎಕ್ಸರ್‌ಸೈಸ್ ಫಿಸಿಯಾಲಜಿ ಕೆಲಸದಲ್ಲಿ ಖುಷಿ ಕೊಡುವುದು ಯಾವುದು? ಬಲ್ಲವರು ತಿಳಿಸಿ

ಪ್ರಶ್ನೆ: ಬೆಂಗಳೂರಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಕೊನೆಯ ವರ್ಷ ಓದುತ್ತಿದ್ದೇನೆ. ಮುಂದೆ ಎಕ್ಸರ್‌ಸೈಸ್ ಫಿಸಿಯಾಲಜಿ (ವ್ಯಾಯಾಮಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬ ಶಾಸ್ತ್ರ) ಕಡೆ ಹೋಗಬೇಕೆಂದಿದೆ. ಮನೆಯಲ್ಲಿ ‘ಜಿಮ್‌ನಲ್ಲಿ ಹೇಳಿಕೊಡೋದಕ್ಕೆ ಇನ್ನೂ ಎರಡು ವರ್ಷ ಓದ್ಬೇಕಾ?’ ಅಂತಾರೆ. ಈ ಕೆಲಸದಲ್ಲಿ ಇರುವವರಿಗೆ ನಿಜಕ್ಕೂ ತೃಪ್ತಿ ಕೊಡುವುದು ಯಾವುದು? ಸಂಬಳದ ವಿಚಾರ ಬೇಡ, ಕೆಲಸದ ಒಳಗಿನದನ್ನು ಹೇಳಿ.

ಹೃದಯ ಪುನಶ್ಚೇತನ ವಿಭಾಗದಿಂದ: ಸ್ಟೆಂಟ್ ಅಥವಾ ಬೈಪಾಸ್ ಆಗಿ ಬರುವವರು ಮೊದಲು ಕೇಳುವುದು ‘ಮೆಟ್ಟಿಲು ಹತ್ತಬಹುದಾ?’ ಎಂದು. ಮನೆ ಎರಡನೇ ಮಹಡಿಯಲ್ಲಿರುತ್ತದೆ, ಲಿಫ್ಟ್ ಇರುವುದಿಲ್ಲ. ‘ಹುಷಾರಾಗಿರಿ’ ಅಂತ ಯಾರು ಬೇಕಾದರೂ ಹೇಳುತ್ತಾರೆ. ಲೆಕ್ಕ ಹಾಕಿ ‘ಧೈರ್ಯವಾಗಿ ಹತ್ತಿ’ ಅನ್ನಲು ಓದಿರಬೇಕು. ನಿಧಾನವಾಗಿ ಮೆಟ್ಟಿಲು ಹತ್ತಲು ಸುಮಾರು 4 ಮೆಟ್ ಬೇಕು (1 ಮೆಟ್ ಅಂದರೆ ಸುಮ್ಮನೆ ಕೂತಿದ್ದಾಗ ದೇಹ ಬಳಸುವ ಆಮ್ಲಜನಕ: ಒಂದು ಕೆಜಿ ತೂಕಕ್ಕೆ ನಿಮಿಷಕ್ಕೆ 3.5 ಮಿಲಿ). ಟ್ರೆಡ್‌ಮಿಲ್‌ನಲ್ಲಿ ಬ್ರೂಸ್ ಪ್ರೋಟೋಕಾಲ್‌ನ (3 ನಿಮಿಷಕ್ಕೊಮ್ಮೆ ವೇಗ, ಏರು ಎರಡೂ ಹೆಚ್ಚುವ ಪರೀಕ್ಷೆ) ಎರಡನೇ ಹಂತವನ್ನು, ಅಂದರೆ 6 ನಿಮಿಷವನ್ನು, ಎದೆನೋವು ಮತ್ತು ಇಸಿಜಿ ಬದಲಾವಣೆ ಇಲ್ಲದೆ ಮುಗಿಸಿದವರು 7 ಮೆಟ್ ಹತ್ತಿರ ಮುಟ್ಟಿರುತ್ತಾರೆ. ಆ ಎರಡು ಅಂಕಿ ತೋರಿಸಿ ವಿವರಿಸಿದಾಗ ಅವರ ಮುಖದಿಂದ ಭಯ ಇಳಿಯುತ್ತದೆ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಅಂಕಿ ಸರಿ ಇರಬೇಕು. ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ನಡೆದರೆ ಯಂತ್ರ ಹೆಚ್ಚು ಮೆಟ್ ತೋರಿಸುತ್ತದೆ, ಕಾಲು ಅಷ್ಟು ಕೆಲಸ ಮಾಡಿರುವುದಿಲ್ಲ. ಬೆರಳ ತುದಿ ತಾಗಿಸಲು ಬಿಡಿ, ಹಿಡಿಯಲು ಬಿಡಬೇಡಿ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಗರಿಷ್ಠ ನಾಡಿಬಡಿತಕ್ಕೆ 220ರಲ್ಲಿ ವಯಸ್ಸು ಕಳೆಯುವ ಸೂತ್ರ ಕೆಲಸಕ್ಕೆ ಬಾರದು, ಏಕೆಂದರೆ ಮಾತ್ರೆಯೇ ನಾಡಿಬಡಿತವನ್ನು ತಡೆದು ಹಿಡಿದಿರುತ್ತದೆ. ಅಂಥವರಿಗೆ 6ರಿಂದ 20ರ ಬೋರ್ಗ್ ಸ್ಕೇಲ್‌ನಲ್ಲಿ (ಎಷ್ಟು ಕಷ್ಟವಾಗುತ್ತಿದೆ ಎಂದು ರೋಗಿಯೇ ಕೊಡುವ ಅಂಕ) 11ರಿಂದ 14ರೊಳಗೆ, ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗದಲ್ಲಿ ನಡೆಸುತ್ತೇವೆ. ಕೊನೆಯ 5ರಿಂದ 10 ನಿಮಿಷ ವೇಗ ಇಳಿಸುತ್ತಾ ಬರುವುದನ್ನು ಎಂದೂ ಬಿಡಬಾರದು. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಬಿಪಿ ಕುಸಿಯುತ್ತದೆ, ತಲೆ ಸುತ್ತಿ ಬೀಳುತ್ತಾರೆ.

ಮನೆಯವರ ಪ್ರಶ್ನೆಗೂ ಇದೇ ಉತ್ತರ. ವ್ಯಾಯಾಮವನ್ನು ಔಷಧದ ಹಾಗೆ ಅಳೆದು ಕೊಡಲು, ಯಾವಾಗ ಕೊಡಬಾರದೆಂದು ತಿಳಿಯಲು ಆ ಎರಡು ವರ್ಷ ಬೇಕು.

ಶ್ವಾಸಕೋಶ ಪುನಶ್ಚೇತನದಿಂದ: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಕಾಯಿಲೆ ವಾಸಿಯಾಗುವುದಿಲ್ಲ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಇರುವವರ ಊದುವ ಪರೀಕ್ಷೆಯ ಫಲಿತಾಂಶ 8-12 ವಾರ ತರಬೇತಿ ಕೊಟ್ಟ ಮೇಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬದಲಾಗುವುದು ತೊಡೆ, ಮೀನಖಂಡ. ಸ್ನಾಯು ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿತರೆ ಅದೇ ನಡಿಗೆಗೆ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಹೆಚ್ಚುವ ವಸ್ತು) ಕಡಿಮೆ ಹುಟ್ಟುತ್ತದೆ, ಉಸಿರಾಟದ ಮೇಲಿನ ಒತ್ತಡವೂ ಇಳಿಯುತ್ತದೆ. ಶ್ವಾಸಕೋಶ ಹಳೆಯದೇ, ಆದರೂ ಬಸ್ ಸ್ಟಾಪಿನವರೆಗೆ ನಿಲ್ಲದೆ ಹೋಗುತ್ತಾರೆ. ಶರೀರಶಾಸ್ತ್ರ ಓದಿದವರಿಗೆ ಇದನ್ನು ಕಣ್ಣಾರೆ ಕಾಣುವುದೇ ಒಂದು ಭಾಗ್ಯ.

ಅದನ್ನು ಕಾಣಿಸುವುದು 6 ನಿಮಿಷದ ನಡಿಗೆ ಪರೀಕ್ಷೆ. 30 ಮೀಟರ್ ಸಪಾಟು ಕಾರಿಡಾರ್, ಎರಡು ಕೋನ್, ಸ್ಟಾಪ್‌ವಾಚ್, ಕುರ್ಚಿ, ಪಲ್ಸ್ ಆಕ್ಸಿಮೀಟರ್ ಸಾಕು. ಜಾಗವಿಲ್ಲವೆಂದು 15 ಮೀಟರ್‌ನಲ್ಲಿ ಮಾಡಿದರೆ ತಿರುಗುವುದರಲ್ಲೇ ಸಮಯ ಹೋಗಿ ದೂರ ಕಡಿಮೆ ಬರುತ್ತದೆ. ಮೊದಲ ಸಲ ಒಂದು ಕಡೆ, ಮೂರು ತಿಂಗಳ ಮೇಲೆ ಇನ್ನೊಂದು ಕಡೆ ಮಾಡಿದರಂತೂ ಹೋಲಿಕೆಗೆ ಅರ್ಥವೇ ಇಲ್ಲ. ರೋಗಿಯ ಪಕ್ಕ ನಡೆಯಬೇಡಿ, ನಿಮ್ಮ ವೇಗ ಅವರಿಗೆ ಅಂಟುತ್ತದೆ. ನಿಮಿಷಕ್ಕೊಮ್ಮೆ ನಿಗದಿತ ಮಾತು ಬಿಟ್ಟರೆ ‘ಬೇಗ ಬೇಗ’ ಎಂಬ ಹುರಿದುಂಬಿಕೆ ಬೇಡ. ಅವರು ಸುಧಾರಿಸಿಕೊಳ್ಳಲು ನಿಂತರೂ ಗಡಿಯಾರ ಓಡುತ್ತಿರಲಿ. ಮೊದಲ ಪರೀಕ್ಷೆಗಿಂತ ಎರಡನೆಯದರಲ್ಲಿ ರೂಢಿಯಿಂದಲೇ ದೂರ ಹೆಚ್ಚುತ್ತದೆ. ಆದ್ದರಿಂದ ಆರಂಭದಲ್ಲೇ ಎರಡು ಸಲ ಮಾಡಿಸಿ ಉತ್ತಮವಾದದ್ದನ್ನು ಬರೆದುಕೊಳ್ಳಿ. ಆಮೇಲೆ ಸುಮಾರು 30 ಮೀಟರ್ ಹೆಚ್ಚಿದರೂ ಅದು ನಿಜವಾದ ಗಳಿಕೆ.

ಕ್ರೀಡಾ ಪ್ರಯೋಗಾಲಯದಿಂದ: ಕ್ರೀಡಾಪಟುಗಳ ಜೊತೆ ಕೆಲಸ ಮಾಡಬೇಕೆಂದರೆ ಬೆಂಗಳೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಜ್ಞಾನಭಾರತಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ, ಪಡುಕೋಣೆ-ದ್ರಾವಿಡ್ ಕೇಂದ್ರ ಇದೆ, ಬೆಳಗಾದರೆ ಕಬ್ಬನ್ ಪಾರ್ಕ್ ತುಂಬ ಓಟಗಾರರು. ಇಲ್ಲಿನ ಸುಖ ನಿಖರತೆಯದು. ಊರು 900 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಸುಮಾರು 685 ಮಿಮೀ ಪಾದರಸ. ಉಸಿರು ಅಳೆಯುವ ಯಂತ್ರದಲ್ಲಿ ಒತ್ತಡವನ್ನು ಕೈಯಿಂದ ನಮೂದಿಸಬೇಕಿದ್ದು, ಸಮುದ್ರಮಟ್ಟದ 760 ಹಾಗೇ ಉಳಿದರೆ ವಿಒ2 ಮ್ಯಾಕ್ಸ್ (ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಶೇ 10ಕ್ಕಿಂತ ಹೆಚ್ಚು ಉಬ್ಬಿ ಬರುತ್ತದೆ. ಪ್ರತಿ ಪರೀಕ್ಷೆಗೂ ಮುನ್ನ 3 ಲೀಟರ್ ಸಿರಿಂಜ್‌ನಿಂದ ಹರಿವು, ಸಿಲಿಂಡರ್ ಅನಿಲದಿಂದ ಸೆನ್ಸರ್ ಸರಿಪಡಿಸಿ. ಮಾಸ್ಕ್ ತೊಡಿಸಿ, ಗಾಳಿ ಹೊರಹೋಗುವ ಕಡೆ ಅಂಗೈ ಮುಚ್ಚಿ ಊದಿಸಿ: ಮೂಗಿನ ಪಕ್ಕ ಗಾಳಿ ಸೋರಿದರೆ ಬೇರೆ ಸೈಜಿನ ಮಾಸ್ಕ್ ಹಾಕಿ.

ಲ್ಯಾಕ್ಟೇಟ್‌ಗೆ ರಕ್ತ ತೆಗೆಯುವಾಗ ಶತ್ರು ಬೆವರು. ಅದರಲ್ಲೇ ಲ್ಯಾಕ್ಟೇಟ್ ಇರುವುದರಿಂದ ಕಿವಿಯ ಹಾಲೆ ಒರೆಸಿ ಒಣಗಿಸಿ, ಮೊದಲ ಹನಿ ಬಿಟ್ಟು ಎರಡನೆಯದನ್ನು ತೆಗೆದುಕೊಳ್ಳಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದಾಗ ‘ನಿಮ್ಮ ನಿಧಾನದ ಓಟವೇ ಜೋರಾಗಿದೆ, ಅದಕ್ಕೇ ಸುಸ್ತು ಆರುತ್ತಿಲ್ಲ’ ಎಂದು ಓಟಗಾರನಿಗೆ ಲ್ಯಾಕ್ಟೇಟ್ ಗ್ರಾಫಿನ ಗೆರೆ ತೋರಿಸಿ ಹೇಳಬಹುದು.

ಸಕ್ಕರೆ ಕಾಯಿಲೆ ಕ್ಲಿನಿಕ್‌ನಿಂದ: ಫಲ ಬೇಗ ಕಾಣಬೇಕೆನ್ನುವವರು ನಮ್ಮ ಕಡೆ ಬನ್ನಿ. ಸಂಕುಚಿಸುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಊಟವಾದ ಮೇಲೆ 15 ನಿಮಿಷ ನಡೆದ ದಿನ, ನಡೆಯದ ದಿನ ಎರಡರಲ್ಲೂ ಗ್ಲುಕೋಮೀಟರ್ ಹಿಡಿದರೆ ರೋಗಿಗೇ ಅರ್ಥವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುರುವಿನಲ್ಲೇ ರಕ್ತದ ಸಕ್ಕರೆ 90ಕ್ಕಿಂತ (ಮಿಗ್ರಾಂ/ಡಿಎಲ್) ಕಡಿಮೆ ಇದ್ದರೆ ಮೊದಲು 15 ಗ್ರಾಂ ಸಕ್ಕರೆ ಕೊಡಿ. ಸಂಜೆಯ ವ್ಯಾಯಾಮದ ನಂತರ ನಡುರಾತ್ರಿಯಲ್ಲೂ ಸಕ್ಕರೆ ಇಳಿಯಬಹುದೆಂದು ಮನೆಯವರಿಗೂ ತಿಳಿಸಿ. ಗಾಯವಿದೆಯೇ ಎಂದು ಪಾದ ನೋಡದೆ ನಡೆಸಬೇಡಿ.

ಹೃದಯ ಪುನಶ್ಚೇತನ ವಿಭಾಗದಿಂದ ಮತ್ತೆ: ಬೇಸರದ ವಿಚಾರವೂ ಗೊತ್ತಿರಲಿ. ಅರ್ಧದಲ್ಲೇ ಬಿಡುವವರು ಬಹಳ. ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ವಾರಕ್ಕೆ ಮೂರು ದಿನ ಬನ್ನಿ ಎಂದರೆ ಟ್ರಾಫಿಕ್‌ನಲ್ಲೇ ಉತ್ಸಾಹ ಸಾಯುತ್ತದೆ. ಅಪಾಯ ಕಡಿಮೆ ಇರುವವರಿಗೆ ಕೆಲವು ಸಲ ನಮ್ಮೆದುರು ಮಾಡಿಸಿ, ಉಳಿದದ್ದನ್ನು ಮನೆ ಹತ್ತಿರದ ಪಾರ್ಕ್‌ಗೆ ಬರೆದುಕೊಟ್ಟು, ವಾರಕ್ಕೊಮ್ಮೆ ಫೋನ್ ಮಾಡಿದರೆ ಹೆಚ್ಚು ಜನ ಉಳಿಯುತ್ತಾರೆ.

ಕೋರ್ಸ್ ಸೇರುವ ಮೊದಲು ಇಸಿಜಿ ಓದುವುದನ್ನು ಗಟ್ಟಿ ಮಾಡಿಕೊಳ್ಳಿ, ಬಿಎಲ್‌ಎಸ್ (ಹೃದಯ ನಿಂತಾಗ ಮಾಡುವ ಪ್ರಾಥಮಿಕ ಜೀವರಕ್ಷಣೆ) ತರಬೇತಿ ಮುಗಿಸಿ. ಅನುಮತಿ ಕೇಳಿ ಯಾವುದಾದರೂ ವಿಭಾಗದಲ್ಲಿ ಒಂದು ದಿನ ಕೂತು ನೋಡಿ. ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಟ್ರೆಡ್‌ಮಿಲ್ ಇರುವ ಕೋಣೆಯಲ್ಲೇ ಇದೆಯೇ, ಯಂತ್ರ ಸರಿಪಡಿಸಿದ ದಾಖಲೆ ಪುಸ್ತಕದಲ್ಲಿ ಆ ದಿನದ ಸಹಿ ಇದೆಯೇ, 12 ವಾರದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆಯೇ ಎಂದು ಗಮನಿಸಿ. ಮೂರನೆಯದು ಇಲ್ಲದ ಕಡೆ ಸೇರಬೇಡಿ. ಅಲ್ಲಿ ರೋಗಿಗೂ ನಿಮಗೂ ಏನು ಬದಲಾಯಿತೆಂದು ತಿಳಿಯುವುದೇ ಇಲ್ಲ.