ದೊಡ್ಡಮ್ಮನಿಗೆ ಬಂದ ಕರೆಂಟ್ ಮೆಸೇಜ್

ದೊಡ್ಡಮ್ಮಾ, ಆ ನಂಬರಿಗೆ ಫೋನ್ ಮಾಡ್ಬೇಡಿ. ಮೊದಲು ಅದನ್ನ ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ನೀವು ಗ್ರೂಪಿಗೆ ಹಾಕಿದ್ದೀರಲ್ಲ, ಹೋದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್, ಕೂಡಲೇ ಆಫೀಸರಿಗೆ ಫೋನ್ ಮಾಡಿ ಅಂತ. ಅದು ಪೂರ್ತಿ ಮೋಸ.

ನಿಮಗೆ ಗಾಬರಿ ಆಗಿದ್ದು ಸಹಜ. ನಮ್ಮ ಸೋಮವಾರಪೇಟೆ ಕಡೆ ಈ ಮಳೇಲಿ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಎರಡು ಮೂರು ದಿನ ಕತ್ತಲೆ. ಹಂಗಿರುವಾಗ ಕರೆಂಟ್ ತೆಗೀತೀವಿ ಅಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ. ಆದ್ರೆ ನಿಮ್ಮ ಮನೆಗೆ ಗೃಹಜ್ಯೋತಿ ಇದೆಯಲ್ಲ, ಮೀಟರ್ ನೋಡೋಕೆ ಬರೋ ಹುಡುಗ ಕೊಡೋ ಚೀಟೀಲಿ ಕಟ್ಟಬೇಕಾದ್ದು ಸೊನ್ನೆ ಅಂತಲೇ ಇರುತ್ತೆ. ಇಲ್ಲದ ಬಾಕಿಗೆ ಯಾಕೆ ತೆಗೀತಾರೆ?

ಇನ್ನೊಂದು, ಮೆಸೇಜಿನ ಮೇಲ್ಗಡೆ ನೋಡಿ. ಹತ್ತು ಅಂಕಿಯ ಮೊಬೈಲ್ ನಂಬರ್ ಇದೆ. ಬ್ಯಾಂಕಿಂದ, ಸರ್ಕಾರದಿಂದ ಬರೋ ಮೆಸೇಜಿಗೆ ಇಂಗ್ಲಿಷ್ ಅಕ್ಷರದ ಹೆಸರಿರುತ್ತೆ. 2025ರಿಂದ ಆ ಹೆಸರಿನ ತುದೀಲಿ ಇನ್ನೊಂದು ಅಕ್ಷರಾನೂ ಬರ್ತಿದೆ: ಸರ್ಕಾರದ್ದಾದ್ರೆ ಜಿ, ವ್ಯವಹಾರಕ್ಕೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ. ಅಕ್ಷರ ಇದ್ರೂನೂ ಲಿಂಕ್ ಮಾತ್ರ ಒತ್ತಬೇಡಿ.

ನಾನು ಇಷ್ಟು ಒತ್ತಿ ಹೇಳೋದು ಅಪ್ಪನಿಗೆ ಆಗಿದ್ದಕ್ಕೆ. ಹೋದ ಜನವರೀಲಿ ಕಣದಲ್ಲಿ ಕಾಫಿ ಹರವ್ತಾ ಇದ್ರು, ಇದೇ ಥರದ ಮೆಸೇಜ್. ಫೋನ್ ಮಾಡಿದ್ರೆ ಆ ಕಡೆಯವನು ಎಷ್ಟು ಮರ್ಯಾದೆಯಿಂದ ಮಾತಾಡಿದನಂತೆ ಗೊತ್ತಾ, ಸರ್ ಸರ್ ಅಂತ. ಬರೀ ಹತ್ತು ರೂಪಾಯಿ ಕಟ್ಟಿ ಸಾಕು, ಅದಕ್ಕೆ ಈ ಆ್ಯಪ್ ಹಾಕ್ಕೊಳ್ಳಿ ಅಂದ. ಆ ಆ್ಯಪ್ ಹಾಕಿದ್ಮೇಲೆ ಅಪ್ಪನ ಫೋನಿನ ಪರದೆ ಅವನಿಗೆ ಕಾಣ್ತಿತ್ತು. ಎಟಿಎಂ ಕಾರ್ಡಿನ ನಂಬರ್ ಒತ್ತಿದ್ದು, ಬಂದ ಒಟಿಪಿ, ಎಲ್ಲಾ ಅವನ ಕಣ್ಣೆದುರಿಗೇ. ಆಳುಗಳ ಬಟವಾಡೆಗೆ ಇಟ್ಟಿದ್ದ 18,000 ರೂಪಾಯಿ ಹೋಯ್ತು. ನನಗೆ ಅದಕ್ಕಿಂತ ಸಂಕಟ ಆಗೋದು, ಅಪ್ಪ ನಾಚಿಕೆಪಟ್ಟು ಎರಡು ದಿನ ಯಾರಿಗೂ ಹೇಳಲಿಲ್ಲ. ರಾತ್ರಿ ಊಟ ಬಿಟ್ಟು ಕೂತಿದ್ದು ನೋಡಿ ಅಮ್ಮನೇ ಬಾಯಿ ಬಿಡಿಸಿದ್ದು. ಅಷ್ಟರಲ್ಲಿ ದುಡ್ಡು ಯಾರ್ಯಾರದೋ ಖಾತೆ ದಾಟಿ ಹೋಗಿತ್ತು. ಆಗ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ, ದುಡ್ಡು ಇನ್ನೂ ಯಾವುದಾದ್ರೂ ಖಾತೇಲಿ ಇದ್ರೆ ಅಲ್ಲೇ ತಡೆಹಿಡೀತಾರೆ. ಅದಕ್ಕೇ ಯಾರಿಗೇ ಆಗ್ಲಿ, ಹಿಂಗೇನಾದ್ರೂ ಆದ್ರೆ ಮೊದಲು 1930, ಮತ್ತೆ ಬ್ಯಾಂಕು. ಬೈಸಿಕೊಳ್ಳೋ ಭಯ ಬೇಡ, ನಮ್ಮನೇಲಿ ಯಾರೂ ಬೈಯಲ್ಲ.

ಮಾವ, ನಿಮಗೂ ಒಂದು ಮಾತು. ವಾಟ್ಸಾಪಲ್ಲಿ ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್, ಅಂದ್ರೆ ಒತ್ತಿದ್ರೆ ಫೋನಿಗೆ ಆ್ಯಪ್ ಹಾಕೋ ಫೈಲ್, ಬಂದ್ರೆ ತೆರೀಲೇಬೇಡಿ.

ದೊಡ್ಡಮ್ಮಾ, ಅನುಮಾನ ಇದ್ರೆ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಮಾಡಿ, ಇಲ್ಲಾಂದ್ರೆ ನಮ್ಮ ಲೈನ್‌ಮ್ಯಾನನ್ನೇ ಕೇಳಿ. ಮೆಸೇಜ್ ಅಳಿಸಬೇಡಿ. ಭಾನುವಾರ ಬಂದಾಗ ಮೋಸದ ಮೆಸೇಜ್, ಕಾಲ್ ಬಗ್ಗೆ ತಿಳಿಸೋಕೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿರೋ ಚಕ್ಷುವಿನಲ್ಲಿ ದೂರು ಹಾಕ್ತೀನಿ. ದೊಡ್ಡಪ್ಪನ ಫೋನಿಗೂ ಬಂದಿದೆಯಾ ಒಂದ್ಸಲ ನೋಡಿ, ಅವರು ಯಾರಿಗೂ ಹೇಳದೆ ಫೋನ್ ಮಾಡಿಬಿಡ್ತಾರೆ.