ಥಂಡರ್‌ಬರ್ಡ್‌ನಲ್ಲಿ ಮೇಲ್ ಬಿಟ್ಟು ಬಿಟ್ಟು ನಿಲ್ಲುತ್ತದೆ: ನಿಮಗೂ ಹೀಗಾಗಿದೆಯಾ?

ಎಲ್ಲರಿಗೂ ನಮಸ್ಕಾರ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಬಳಸುತ್ತೇನೆ. ಎರಡು ಜಿಮೇಲ್, ಒಂದು ಯಾಹೂ, ಮೂರೂ ಐಮ್ಯಾಪ್ (ಪತ್ರಗಳನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ). ಬೆಳಿಗ್ಗೆ ತೆರೆದಾಗ ಎಲ್ಲಾ ಚೆನ್ನಾಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಯಾವುದಾದರೂ ಒಂದು ಖಾತೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಆಮೇಲೆ ಸರ್ವರ್ ಕನೆಕ್ಷನ್ ಟೈಮ್ ಔಟ್ ಆಯಿತು ಅಂತ ಸಂದೇಶ ಬರುತ್ತದೆ. ಮುಚ್ಚಿ ಮತ್ತೆ ತೆರೆದರೆ ಸರಿಹೋಗುತ್ತದೆ. ಅದೇ ಹೊತ್ತಿಗೆ ಬ್ರೌಸರ್‌ನಲ್ಲಿ ನೋಡಿದರೆ ಮೇಲ್ ಆರಾಮಾಗಿ ತೆರೆಯುತ್ತದೆ. ಪಾಸ್‌ವರ್ಡ್ ಬದಲಿಸಿ ನೋಡಿದೆ, ಖಾತೆ ಅಳಿಸಿ ಮತ್ತೆ ಸೇರಿಸಿದೆ. ಪ್ರಯೋಜನ ಆಗಲಿಲ್ಲ. ಇದನ್ನು ದಾಟಿ ಬಂದವರು ಇದ್ದರೆ ಹೇಳಿ.

* * *

ಮೊದಲು ಒಂದು ಮಾತು. ಇನ್ನು ಪಾಸ್‌ವರ್ಡ್ ಮುಟ್ಟಬೇಡಿ, ಖಾತೆ ಅಳಿಸಬೇಡಿ. ಬೆಳಿಗ್ಗೆ ಸರಿಯಾಗಿ ಮೇಲ್ ಬರುತ್ತಿದೆ ಅಂದರೆ ಸರ್ವರ್ ಹೆಸರು, ಪೋರ್ಟ್ (ಸರ್ವರ್‌ನ ಯಾವ ಬಾಗಿಲಿಗೆ ಹೋಗಬೇಕು ಅನ್ನುವ ಸಂಖ್ಯೆ), ಪಾಸ್‌ವರ್ಡ್ ಮೂರೂ ಸರಿ ಇವೆ. ಅವು ತಪ್ಪಿದ್ದರೆ ಒಂದು ಸಲವೂ ಬರುತ್ತಿರಲಿಲ್ಲ ಅಲ್ವಾ? ಬಂದು ಹೋಗುವ ತೊಂದರೆಗೆ ಕಾರಣ ಹುಡುಕಬೇಕಾದ್ದು ಅದು ಯಾವಾಗ ಬರುತ್ತದೆ ಅನ್ನುವುದರಲ್ಲಿ.

ಬ್ರೌಸರ್‌ನಲ್ಲಿ ತೆರೆಯುತ್ತದೆ ಅನ್ನುವುದು ನೆಟ್ ಪೂರ್ತಿ ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಬ್ರೌಸರ್ 443 ಪೋರ್ಟ್‌ನಲ್ಲಿ ಹೋಗುತ್ತದೆ. ಬೇಕಾದಾಗ ಕೇಳುತ್ತದೆ, ಸಂಪರ್ಕ ಕಡಿದಿದ್ದರೆ ನಿಮಗೆ ಗೊತ್ತೇ ಆಗದ ಹಾಗೆ ಹೊಸದು ತೆರೆದುಕೊಳ್ಳುತ್ತದೆ. ಐಮ್ಯಾಪ್ 993 ಪೋರ್ಟ್‌ನಲ್ಲಿ ಹೋಗಿ ಒಂದೇ ಕನೆಕ್ಷನ್ ಅನ್ನು ಗಂಟೆಗಟ್ಟಲೆ ಹಿಡಿದುಕೊಂಡು ಕೂತಿರುತ್ತದೆ. ಮಧ್ಯೆ ಯಾರಾದರೂ ಅದನ್ನು ಸದ್ದಿಲ್ಲದೆ ಕತ್ತರಿಸಿದರೆ ಥಂಡರ್‌ಬರ್ಡ್‌ಗೆ ತಿಳಿಯುವುದೇ ಇಲ್ಲ. ನೀವು ಯಾವುದಾದರೂ ಫೋಲ್ಡರ್ ಒತ್ತಿದಾಗ ಸತ್ತ ಕನೆಕ್ಷನ್‌ನಲ್ಲೇ ಕೇಳುತ್ತದೆ, ಉತ್ತರಕ್ಕೆ ಕಾಯುತ್ತದೆ, ಕೊನೆಗೆ ಕೈಚೆಲ್ಲುತ್ತದೆ.

ಎಷ್ಟು ಹೊತ್ತು ಕಾಯುತ್ತದೆ? ಥಂಡರ್‌ಬರ್ಡ್‌ನಲ್ಲಿ ಮೊದಲಿಂದ ಇಟ್ಟಿರುವ ಮಿತಿ 100 ಸೆಕೆಂಡ್. ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಲ ಸುತ್ತಲು ಶುರುವಾದಾಗ ಗಡಿಯಾರ ನೋಡಿ. ಒಂದೂವರೆ ನಿಮಿಷ ದಾಟಿದ ಮೇಲೆ ಸಂದೇಶ ಬಂದರೆ ಆ ಕಡೆಯಿಂದ ಯಾರೂ ಮಾತಾಡಿಲ್ಲ ಅಂತ ಅರ್ಥ. ರೂಟರ್, ವೈಫೈ, ನಿದ್ದೆಗೆ ಹೋದ ಲ್ಯಾಪ್‌ಟಾಪ್, ಇವುಗಳ ಕಡೆ ನೋಡಬೇಕು. ಒತ್ತಿದ ತಕ್ಷಣ ಸಂದೇಶ ಬಂದರೆ ಸರ್ವರ್ ಅಥವಾ ಮಧ್ಯದವರು ಯಾರೋ ಬೇಡ ಅಂದಿದ್ದಾರೆ. ಆಗ ಕನೆಕ್ಷನ್ ಎಷ್ಟು, ಆಂಟಿವೈರಸ್ ಏನು ಮಾಡುತ್ತಿದೆ, ಲಾಗಿನ್ ಹೇಗೆ, ಇವನ್ನು ನೋಡಬೇಕು. ಈ ಎರಡನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮದು ಮೊದಲನೆಯದು ಅಂತ ನನ್ನ ಅಂದಾಜು. ನನಗೂ ಹೀಗೇ ಆಗುತ್ತಿತ್ತು. ಹೊಸ ಪತ್ರ ಬಂದ ಕೂಡಲೇ ತಿಳಿಯಲಿ ಅಂತ ಐಮ್ಯಾಪ್‌ನಲ್ಲಿ ಐಡಲ್ ಅನ್ನುವ ಏರ್ಪಾಡು ಇದೆ. ಪ್ರೋಗ್ರಾಂ ಸರ್ವರ್‌ಗೆ 'ಏನಾದರೂ ಬಂದರೆ ಹೇಳು' ಅಂದು ಸುಮ್ಮನಾಗುತ್ತದೆ. ಸರ್ವರ್ 30 ನಿಮಿಷ ಸುಮ್ಮನಿದ್ದವರನ್ನು ಹೊರಗೆ ಹಾಕಬಹುದು, ಹಾಗಾಗಿ 29 ನಿಮಿಷದೊಳಗೆ ಮತ್ತೆ ಒಂದು ಸಲ ಹೇಳಿ ಅಂತ ಆ ನಿಯಮದಲ್ಲೇ ಬರೆದಿದೆ. ಆದರೆ ಮಧ್ಯದಲ್ಲಿರುವ ರೂಟರ್‌ಗೆ ಈ ನಿಯಮ ಏನು ಗೊತ್ತು? ಯಾವ ಕನೆಕ್ಷನ್ ಯಾರದು ಅನ್ನುವ ಪಟ್ಟಿ ಅದರ ಹತ್ತಿರ ಇರುತ್ತದೆ. ಜಾಗ ಉಳಿಸಲು ಸ್ವಲ್ಪ ಹೊತ್ತು ಸದ್ದು ಮಾಡದವರನ್ನು ಕೆಲವು ರೂಟರ್‌ಗಳು ಬೇಗನೆ ಪಟ್ಟಿಯಿಂದ ತೆಗೆದುಬಿಡುತ್ತವೆ. ನಿಮ್ಮ ಪ್ರೋಗ್ರಾಂಗೂ ಹೇಳುವುದಿಲ್ಲ, ಸರ್ವರ್‌ಗೂ ಹೇಳುವುದಿಲ್ಲ.

ಮಾಡಬೇಕಾದ್ದು ಇಷ್ಟು. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಖಾತೆಯ ಸರ್ವರ್ ಸೆಟ್ಟಿಂಗ್ಸ್ ತೆರೆಯಿರಿ. ಹೊಸ ಪತ್ರ ಬಂದ ತಕ್ಷಣ ಸರ್ವರ್ ತಿಳಿಸಲಿ ಅನ್ನುವ ಟಿಕ್ ತೆಗೆಯಿರಿ. ಅದರ ಬದಲು ಐದು ನಿಮಿಷಕ್ಕೊಮ್ಮೆ ನೋಡು ಅಂತ ಇಡಿ. ಪತ್ರ ನಾಲ್ಕು ನಿಮಿಷ ತಡವಾಗಿ ಬಂದರೆ ಏನೂ ಮುಳುಗುವುದಿಲ್ಲ.

ಇನ್ನೊಂದು. ಸಿಕ್ಕಿಹಾಕಿಕೊಂಡಾಗ ಪ್ರೋಗ್ರಾಂ ಮುಚ್ಚಬೇಕಿಲ್ಲ. ಕೆಳಗೆ ಎಡ ಮೂಲೆಯಲ್ಲಿ ಒಂದು ಪುಟ್ಟ ಐಕಾನ್ ಇದೆ, ಆನ್‌ಲೈನ್-ಆಫ್‌ಲೈನ್ ಬದಲಿಸಲು. ಅದನ್ನು ಒತ್ತಿ ಆಫ್‌ಲೈನ್ ಮಾಡಿ, ಮತ್ತೆ ಒತ್ತಿ. ಹಳೆಯ ಕನೆಕ್ಷನ್‌ಗಳೆಲ್ಲ ಬಿದ್ದುಹೋಗಿ ಹೊಸದು ಹುಟ್ಟುತ್ತವೆ. ಇಷ್ಟರಿಂದಲೇ ಮೇಲ್ ಬಂದುಬಿಟ್ಟರೆ ರೋಗ ಸತ್ತ ಕನೆಕ್ಷನ್‌ನದ್ದೇ ಅಂತ ಗಟ್ಟಿಯಾಯಿತು.

* * *

ಮೇಲಿನವರು ಹೇಳಿದ್ದು ಸರಿ. ಅದರ ಜೊತೆಗೆ ಕನೆಕ್ಷನ್ ಲೆಕ್ಕ ಸೇರಿಸಿ. ನನ್ನ ವಿಷಯದಲ್ಲಿ ಕಾರಣ ಅದೇ ಆಗಿತ್ತು.

ಜಿಮೇಲ್ ಒಂದು ಖಾತೆಗೆ ಒಮ್ಮೆಗೆ 15 ಐಮ್ಯಾಪ್ ಕನೆಕ್ಷನ್ ಮಾತ್ರ ಬಿಡುತ್ತದೆ. ಥಂಡರ್‌ಬರ್ಡ್ ನೀವು ಹೇಳದಿದ್ದರೂ ಒಂದು ಖಾತೆಗೆ 5ರವರೆಗೆ ತೆರೆದು ಇಟ್ಟುಕೊಳ್ಳುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಒಂದು, ಆಫೀಸಿನಲ್ಲಿ ಒಂದು, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು. ಅಲ್ಲಿಗೆ 15 ಮುಗಿಯಿತು. ಐಫೋನ್‌ನ ಮೇಲ್ ಆ್ಯಪ್ ಬಂದು ಬಾಗಿಲು ತಟ್ಟಿದರೆ ಯಾರಾದರೂ ಒಬ್ಬರು ಹೊರಗೆ. ಯಾರು ಹೊರಗೆ ಅನ್ನುವುದು ದಿನಕ್ಕೊಂದು ಥರ ಇರುತ್ತದೆ, ಅದಕ್ಕೇ ಇದು ಬಿಟ್ಟು ಬಿಟ್ಟು ಬರುವ ತೊಂದರೆಯ ಹಾಗೆ ಕಾಣುತ್ತದೆ. ಜಿಮೇಲ್‌ನ ಸ್ವಂತ ಆ್ಯಪ್ ಮತ್ತು ಬ್ರೌಸರ್ ಈ ಲೆಕ್ಕಕ್ಕೆ ಬರುವುದಿಲ್ಲ, ಅವು ಐಮ್ಯಾಪ್ ಬಳಸುವುದಿಲ್ಲ.

ಅದೇ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಬಟನ್ ಇದೆ. ಒಳಗೆ 5 ಇರುವ ಕಡೆ 2 ಮಾಡಿ. ಯಾಹೂಗೆ 1 ಇಟ್ಟು ನೋಡಿ. ಫೋಲ್ಡರ್ ಬದಲಿಸುವಾಗ ಚೂರು ನಿಧಾನ ಅನ್ನಿಸಬಹುದು, ಅಷ್ಟೇ. ಆಮೇಲೆ ಪ್ರೋಗ್ರಾಂ ಒಮ್ಮೆ ಮುಚ್ಚಿ ತೆರೆಯಿರಿ.

ಖಾತೆ ಅಳಿಸಿ ಸೇರಿಸಿದ್ದು ಯಾಕೆ ಒಳ್ಳೆಯದಲ್ಲ ಅಂತಲೂ ಹೇಳುತ್ತೇನೆ. ಸೇರಿಸಿದ ಕೂಡಲೇ ಥಂಡರ್‌ಬರ್ಡ್ ಹಳೆಯ ಪತ್ರಗಳನ್ನೆಲ್ಲ ಮತ್ತೆ ಇಳಿಸಿಕೊಳ್ಳಲು ಹೊರಡುತ್ತದೆ. ಜಿಮೇಲ್‌ನಲ್ಲಿ ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿ ಇಳಿಸಿಕೊಳ್ಳಬಹುದು. ಹತ್ತಾರು ವರ್ಷದ ಫೋಟೋ, ಪಿಡಿಎಫ್ ಇರುವ ಖಾತೆಗೆ ಅದು ಯಾವ ಮೂಲೆಗೆ? ಮಿತಿ ದಾಟಿದರೆ ಸ್ವಲ್ಪ ಕಾಲ ಬಾಗಿಲು ಹಾಕುತ್ತಾರೆ, ಅದು 24 ಗಂಟೆಯವರೆಗೂ ಹೋಗಬಹುದು. ಆಗ ಹಳೆಯ ತೊಂದರೆಯ ಮೇಲೆ ಹೊಸ ತೊಂದರೆ ಕೂರುತ್ತದೆ, ಎರಡನ್ನೂ ಬಿಡಿಸುವುದು ಕಷ್ಟ.

ಜಿಮೇಲ್‌ನಲ್ಲಿ 'ಆಲ್ ಮೇಲ್' ಅನ್ನುವ ಫೋಲ್ಡರ್ ಇದೆ ನೋಡಿ. ಇನ್‌ಬಾಕ್ಸ್‌ನಲ್ಲಿರುವ ಪತ್ರವೇ ಅಲ್ಲೂ ಇರುತ್ತದೆ, ಲೇಬಲ್ ಇದ್ದರೆ ಅದರ ಫೋಲ್ಡರ್‌ನಲ್ಲೂ ಇರುತ್ತದೆ. ಬ್ರೌಸರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್, ಲೇಬಲ್ಸ್‌ಗೆ ಹೋಗಿ ಆಲ್ ಮೇಲ್ ಎದುರು ಐಮ್ಯಾಪ್‌ನಲ್ಲಿ ತೋರಿಸು ಅನ್ನುವ ಟಿಕ್ ತೆಗೆಯಿರಿ. ಪತ್ರ ಏನೂ ಹೋಗುವುದಿಲ್ಲ. ಇಳಿಸುವ ಹೊರೆ ಮಾತ್ರ ತುಂಬಾ ಕಡಿಮೆ ಆಗುತ್ತದೆ.

* * *

ಆಂಟಿವೈರಸ್. ಒಂದು ಸಾರಿ ಅದರ ಮೇಲ್ ಸ್ಕ್ಯಾನ್ ಮಾತ್ರ ಆಫ್ ಮಾಡಿ ಅರ್ಧ ದಿನ ನೋಡಿ. ಪೂರ್ತಿ ಆಂಟಿವೈರಸ್ ಕಿತ್ತುಹಾಕಬೇಡಿ.

ಮೇಲ್ ಸ್ಕ್ಯಾನ್ ಇರುವ ಪ್ರೋಗ್ರಾಂ ಥಂಡರ್‌ಬರ್ಡ್ ಮತ್ತು ಸರ್ವರ್ ಮಧ್ಯೆ ಕೂರುತ್ತದೆ, ಗೂಢಲಿಪಿ ಬಿಡಿಸಿ ಓದಿ ಮತ್ತೆ ಕಟ್ಟಿ ಕಳಿಸುತ್ತದೆ. ಅದು ಅಪ್‌ಡೇಟ್ ಆಗುವಾಗ ನಡುವಿನ ಕನೆಕ್ಷನ್ ಹೋಗಬಹುದು. ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಎಚ್ಚರಿಕೆ ಬಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಅದನ್ನು ಕೊಟ್ಟವರು ಯಾರು ಅಂತ ತೆರೆದು ನೋಡಿ. ಅಲ್ಲಿ ಮೇಲ್ ಸೇವೆಯವರಿಗೆ ಕೊಡುವ ಸಂಸ್ಥೆಯ ಬದಲು ನಿಮ್ಮ ಆಂಟಿವೈರಸ್ ಹೆಸರಿದ್ದರೆ ಸಂಗತಿ ತಿಳಿಯಿತು. ಕಂಪ್ಯೂಟರ್‌ನ ದಿನಾಂಕ ತಪ್ಪಿದ್ದರೂ ಇದೇ ಎಚ್ಚರಿಕೆ ಬರುತ್ತದೆ, ಹಳೆಯ ಯಂತ್ರವಾದರೆ ಅದನ್ನೂ ನೋಡಿ.

* * *

ಕೇಳಿದವರಿಗೆ ಇದು ಹೊಂದದಿರಬಹುದು, ಆದರೆ ಇದೇ ತೊಂದರೆ ಹುಡುಕಿಕೊಂಡು ಬರುವ ಬೇರೆಯವರಿಗೆ ಬರೆಯುತ್ತಿದ್ದೇನೆ. ನಮ್ಮ ಕಚೇರಿಯಲ್ಲಿ ಇಂಥ ದೂರು ನೋಡುವುದೇ ನನ್ನ ಕೆಲಸ.

ಟೈಮ್ ಔಟ್ ಬದಲು ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತಿದ್ದರೆ ದಾರಿಯೇ ಬೇರೆ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದನ್ನು ನಿಲ್ಲಿಸಿತು. ಔಟ್‌ಲುಕ್ ಡಾಟ್ ಕಾಮ್ 2024ರ ಸೆಪ್ಟೆಂಬರ್ 16ರಿಂದ ಹಾಗೇ ಮಾಡಿತು. ಸೆಟ್ಟಿಂಗ್ಸ್‌ನಲ್ಲಿ ದೃಢೀಕರಣದ ವಿಧಾನ ಅನ್ನುವ ಕಡೆ ಓಆತ್2 (ಮೇಲ್ ಸೇವೆಯವರ ಪುಟದಲ್ಲೇ ಲಾಗಿನ್ ಆಗುವ ವಿಧಾನ) ಇರಬೇಕು. ಅದನ್ನು ಆರಿಸಿದಾಗ ಒಂದು ಸಣ್ಣ ಬ್ರೌಸರ್ ಕಿಟಕಿ ತೆರೆದುಕೊಳ್ಳುತ್ತದೆ. ಥಂಡರ್‌ಬರ್ಡ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಕುಕೀಸ್ ನಿಲ್ಲಿಸಿದ್ದರೆ ಆ ಕಿಟಕಿಯಲ್ಲಿ ಲಾಗಿನ್ ಮುಗಿಯುವುದೇ ಇಲ್ಲ. ಎಷ್ಟೋ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಕುಕೀಸ್‌ಗೆ ಅನುಮತಿ ಕೊಡಿ, ಮತ್ತೆ ಲಾಗಿನ್ ಆಗಿ.

ಓಆತ್2 ಬದಲು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ (ಒಂದು ಪ್ರೋಗ್ರಾಂಗೆ ಅಂತಲೇ ಗೂಗಲ್ ಮಾಡಿಕೊಡುವ ಬೇರೆ ಪಾಸ್‌ವರ್ಡ್) ಬಳಸುವವರು ಒಂದು ನೆನಪಿಡಿ. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಏನೋ ಸರಿಹೋಗಲಿ ಅಂತ ಪಾಸ್‌ವರ್ಡ್ ಬದಲಿಸಿ, ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪ್ಯೂಟರನ್ನೂ ನಿಲ್ಲಿಸಿಕೊಂಡವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ.

ಖಾತೆ ಅಳಿಸುವ ಬಗ್ಗೆ ಮೇಲೆ ಹೇಳಿದ್ದಾರೆ. ನಾನು ಇನ್ನೂ ಜೋರಾಗಿ ಹೇಳುತ್ತೇನೆ. ನಿಮ್ಮದು ಐಮ್ಯಾಪ್ ಬದಲು ಪಾಪ್ (ಪತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ) ಆಗಿದ್ದರೆ ಪತ್ರಗಳು ನಿಮ್ಮ ಡಿಸ್ಕ್‌ನಲ್ಲಿ ಮಾತ್ರ ಇರಬಹುದು. ಅಳಿಸುವಾಗ ಡೇಟಾ ಕೂಡ ತೆಗೆ ಅನ್ನುವ ಟಿಕ್ ಹಾಕಿದರೆ ಹೋಯಿತು. ಅಳಿಸುವ ಮೊದಲು ಥಂಡರ್‌ಬರ್ಡ್ ಪತ್ರ, ಸೆಟ್ಟಿಂಗ್ ಇಟ್ಟುಕೊಳ್ಳುವ ಪ್ರೊಫೈಲ್ ಫೋಲ್ಡರ್ ನಕಲು ಮಾಡಿಟ್ಟುಕೊಳ್ಳಿ.

* * *

ನನ್ನದು ವಿಚಿತ್ರ. ಮೇಲ್ ಬರುತ್ತಿತ್ತು, ಬರೀ ಅಕ್ಷರ ಇರುವ ಪತ್ರ ಹೋಗುತ್ತಿತ್ತು. ಅಟ್ಯಾಚ್‌ಮೆಂಟ್ ಇದ್ದರೆ ಮಾತ್ರ, ಎಷ್ಟು ಹೋಗಿದೆ ಅಂತ ತೋರಿಸುವ ಗೆರೆ ಸ್ವಲ್ಪ ದೂರ ಬಂದು ಅಲ್ಲೇ ನಿಲ್ಲುತ್ತಿತ್ತು. ಎರಡು ಎಂಬಿ ಫೈಲ್, 25 ಎಂಬಿ ಮಿತಿಯ ಹತ್ತಿರವೂ ಇಲ್ಲ.

ಕೊನೆಗೆ ಸಿಕ್ಕಿದ್ದು ಎಂಟಿಯು ಅನ್ನುವ ಸಂಖ್ಯೆ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಲೆಕ್ಕ ಅದು. ಈಥರ್‌ನೆಟ್‌ನಲ್ಲಿ ಸಾಮಾನ್ಯವಾಗಿ 1500 ಬೈಟ್. ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಮೂಲಕ ಬರುವ ಬ್ರಾಡ್‌ಬ್ಯಾಂಡ್‌ನಲ್ಲಿ 1492. ವಿಪಿಎನ್ (ನೆಟ್ ಸಂಪರ್ಕವನ್ನು ಇನ್ನೊಂದು ಸರ್ವರ್ ಮೂಲಕ ಗುಪ್ತವಾಗಿ ಸಾಗಿಸುವ ಏರ್ಪಾಡು) ಹಾಕಿದರೆ ಇನ್ನೂ ಇಳಿಯುತ್ತದೆ. ದೊಡ್ಡ ಪ್ಯಾಕೆಟ್ ಹೋಗಲಾರದು ಅಂತ ಹಿಂದಕ್ಕೆ ಹೇಳುವ ಸಂದೇಶವನ್ನು ಮಧ್ಯದ ಯಾವುದಾದರೂ ಫೈರ್‌ವಾಲ್ ನುಂಗಿಬಿಟ್ಟರೆ ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟ್ ಅನ್ನು ಮತ್ತೆ ಮತ್ತೆ ಕಳಿಸುತ್ತಾ ಇರುತ್ತದೆ. ಸಣ್ಣ ಪತ್ರ ಒಂದೆರಡು ಚಿಕ್ಕ ಪ್ಯಾಕೆಟ್‌ನಲ್ಲಿ ಮುಗಿಯುವುದರಿಂದ ಪಾರಾಗುತ್ತದೆ.

ರೂಟರ್‌ನಲ್ಲಿ ಎಂಟಿಯು 1492 ಇದ್ದದ್ದನ್ನು 1400ಕ್ಕೆ ಇಳಿಸಿದೆ, ಹೋಯಿತು. ರೂಟರ್ ಮುಟ್ಟಲು ಭಯ ಇರುವವರು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ಅದೇ ಪತ್ರ ಕಳಿಸಿ ನೋಡಿ. ಅಲ್ಲಿಂದ ಹೋದರೆ ಥಂಡರ್‌ಬರ್ಡ್ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಯಾವ ತೊಂದರೆಗೂ ಮೊದಲು ಮಾಡಬೇಕಾದ ಪರೀಕ್ಷೆ ಈ ಹಾಟ್‌ಸ್ಪಾಟ್. ಯಾವ ಸೆಟ್ಟಿಂಗ್ ಕೂಡ ಬದಲಿಸದೆ ಮನೆಯ ನೆಟ್‌ವರ್ಕ್ ಒಂದು ಕಡೆ, ಪ್ರೋಗ್ರಾಂ ಒಂದು ಕಡೆ ಬೇರೆ ಆಗುತ್ತವೆ.

ಕಳಿಸುವುದು ಪೂರ್ತಿ ನಿಂತಿದ್ದರೆ ಪೋರ್ಟ್ 25 ಇದೆಯಾ ನೋಡಿ. ಮನೆಯ ಸಂಪರ್ಕಗಳಲ್ಲಿ ಅದನ್ನು ಬಹಳ ಕಡೆ ಮುಚ್ಚಿರುತ್ತಾರೆ. 465 ಅಥವಾ 587 ಹಾಕಿ.

* * *

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಗಡಿಯಾರ ಇಟ್ಟು ನೋಡಿದೆ. ಜಿಮೇಲ್‌ನಲ್ಲಿ ಪ್ರತಿ ಸಲವೂ ಒಂದೂವರೆ ನಿಮಿಷ ದಾಟಿದ ಮೇಲೇ ಸಂದೇಶ. ಅದೂ ಲ್ಯಾಪ್‌ಟಾಪ್ ಬಿಟ್ಟು ಎದ್ದು ಹೋಗಿ ಬಂದ ಮೇಲೆ. ಎಡ ಮೂಲೆಯ ಐಕಾನ್ ಒತ್ತಿದರೆ ತಕ್ಷಣ ಬರುತ್ತದೆ. ತಕ್ಷಣ ತಿಳಿಸು ಅನ್ನುವ ಟಿಕ್ ತೆಗೆದು ಕನೆಕ್ಷನ್ 2 ಮಾಡಿದ ಮೇಲೆ ಎರಡೂ ಜಿಮೇಲ್ ನಿಂತಿಲ್ಲ. ಯಾಹೂ ಮಾತ್ರ ಇನ್ನೂ ಆಗಾಗ ಮುನಿಸಿಕೊಳ್ಳುತ್ತದೆ, ಅದರಲ್ಲಿ ಸಂದೇಶ ತಕ್ಷಣ ಬರುತ್ತದೆ. ಗಮನಿಸಿದರೆ ಅದು ಕೆಲಸಕ್ಕಾಗಿ ವಿಪಿಎನ್ ಹಾಕಿದಾಗ.

* * *

ಹಾಗಾದರೆ ಯಾಹೂದು ಬೇರೆ ಕಥೆ. ವಿಪಿಎನ್ ಹಾಕಿದ ಕ್ಷಣ ನಿಮ್ಮ ಐಪಿ ವಿಳಾಸ ಬದಲಾಗುತ್ತದೆ. ಹಳೆಯ ಕನೆಕ್ಷನ್‌ಗಳೆಲ್ಲ ಅಲ್ಲಿಗೆ ಮುಗಿದವು. ಸರ್ವರ್‌ಗೆ ನೀವು ಇನ್ನೊಂದು ಊರಿಂದ ಬಂದ ಹಾಗೆ ಕಾಣುತ್ತೀರಿ, ಅನುಮಾನ ಬಂದರೆ ತಡೆಯುತ್ತದೆ. ವಿಪಿಎನ್‌ನಲ್ಲಿ ಕೆಲವು ಪ್ರೋಗ್ರಾಂಗಳನ್ನು ಹೊರಗಿಡುವ ಸೌಲಭ್ಯ ಇದ್ದರೆ ಥಂಡರ್‌ಬರ್ಡ್ ಅನ್ನು ಹೊರಗಿಡಿ. ಕೆಲಸದ ವಿಪಿಎನ್ ಆಗಿದ್ದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಹಾಕುವ ಮೊದಲು ಆಫ್‌ಲೈನ್ ಒತ್ತಿ, ಹಾಕಿದ ಮೇಲೆ ಆನ್‌ಲೈನ್ ಒತ್ತಿ.

ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಜೆ ಒಟ್ಟಿಗೆ ಒತ್ತಿ ಎರರ್ ಕನ್ಸೋಲ್ ತೆರೆದಿಟ್ಟು, ತೊಂದರೆ ಆದ ಹೊತ್ತಿಗೆ ಅಲ್ಲಿ ಬಂದ ಸಾಲುಗಳನ್ನು ಇಲ್ಲಿ ಹಾಕಿ. ಹಾಕುವ ಮುಂಚೆ ಇಮೇಲ್ ವಿಳಾಸ ಮತ್ತು ಉದ್ದುದ್ದ ಅಕ್ಷರಗಳ ಸರಮಾಲೆ ಏನಾದರೂ ಇದ್ದರೆ ಅಳಿಸಿಬಿಡಿ. ಅದು ನಿಮ್ಮ ಲಾಗಿನ್ ಟೋಕನ್, ಅಂದರೆ ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಕೀಲಿ, ಆಗಿರಬಹುದು.